ಒಂದು ಒಲೆಗೆ ಇಷ್ಟೇ ಹುಳ

ನಮ್ಮೂರಲ್ಲಿ ಒಂದೇ ತಿಂಗಳಲ್ಲಿ ಸಂಸಾರಗಳು ಹೆಚ್ಚುಕಮ್ಮಿ ಎರಡರಷ್ಟಾದವು. ಆ ತಿಂಗಳು ಊರಲ್ಲಿ ಮದುವೆ ನಡೆದಿರಲಿಲ್ಲ, ಹೊರಗಿನಿಂದ ಯಾರೂ ಬಂದು ನೆಲೆಸಿರಲಿಲ್ಲ. ರೇಷ್ಮೆ ಹುಳಕ್ಕೆ ಮಿತಿ ಹಾಕಿದ್ದರು, ಅಷ್ಟೇ. ಹುಳ ಕಡಿಮೆಯಾಗಲಿ ಎಂದು ಮಾಡಿದ ಕಟ್ಟಳೆಯಿಂದ ಒಲೆಗಳು ಜಾಸ್ತಿಯಾದವು. ಮಿಕ್ಕವರ ಮನೆಯಲ್ಲಿ ಹೊಸ ಒಲೆ ಬೇಗ ಆರಿತು. ನಮ್ಮ ಮನೆಯಲ್ಲಿ ಆರಲಿಲ್ಲ. ಅದರಿಂದಾಗಿ ನಾನು ಸೊಸೆಯಾಗಿ ಬಂದಾಗಿನಿಂದ ಒಟ್ಟಾಗಿದ್ದ ಮನೆ ನಿಜವಾಗಿಯೇ ಎರಡು ಹೋಳಾಗುವ ಹಂತಕ್ಕೆ ಬಂತು. ಅದು ಹೇಗೆ ಎಂದು ಬರೆದಿಡುತ್ತಿದ್ದೇನೆ. ಒಟ್ಟು ಕುಟುಂಬದಲ್ಲಿರುವವರಿಗೆ ಉಪಯೋಗಕ್ಕೆ ಬಂದೀತು. ಬೇರೆಯಾಗಿರುವವರೂ ಓದಬಹುದು, ನಷ್ಟವೇನಿಲ್ಲ.

ನಮ್ಮೂರು ಹಲಗೂರಿನಿಂದ ಒಳಕ್ಕಿದೆ. ಈ ಮನೆಗೆ ಹಿರಿ ಸೊಸೆಯಾಗಿ ಬಂದಾಗ ನಮಗೆ ಹುಳದ ಮನೆಯಿರಲಿಲ್ಲ, ಸ್ವಂತ ಹಿಪ್ಪುನೇರಳೆ ತೋಟವೂ ಇರಲಿಲ್ಲ. ಬೇರೆಯವರ ತೋಟದ ಸೊಪ್ಪನ್ನು ಮಾತಾಡಿ ಕೊಂಡು, ಹೊರೆ ಕಟ್ಟಿ, ಇನ್ನೊಬ್ಬರಿಗೆ ಮಾರುತ್ತಿದ್ದೆ. ಸೊಪ್ಪು ಬಾಡುವ ಮೊದಲು ವ್ಯಾಪಾರ ಮುಗಿಯಬೇಕು, ಆದರೆ ಆ ಅವಸರ ನಮ್ಮ ಮುಖದಲ್ಲಿ ಕಾಣಬಾರದು. ಇಷ್ಟು ಕಲಿತರೆ ಮಿಕ್ಕ ಯಾವ ವ್ಯಾಪಾರವೂ ಕಷ್ಟವಲ್ಲ. ಆಮೇಲೆ ತೋಟ ಬಂತು, ಹುಳದ ಮನೆ ಎದ್ದಿತು. ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೆಂಗಸರು ಹೋಗದಿದ್ದ ಕಾಲದಲ್ಲಿ ನಾನೇ ಗೂಡಿನ ಚೀಲದ ಪಕ್ಕ ಕುಳಿತು ಮಳವಳ್ಳಿಗೂ ರಾಮನಗರಕ್ಕೂ ಹೋಗಿಬಂದೆ. ಊರಿನವರು ಏನೇ ಮಾರಬೇಕಾದರೂ, ಕೊಳ್ಳಬೇಕಾದರೂ ನನ್ನನ್ನು ಒಂದು ಮಾತು ಕೇಳುತ್ತಾರೆ. ಕೇಳದವರಿಗೂ ನಾನು ಹೇಳಿದ್ದೇನೆ.

ಲಾಕ್‌ಡೌನು ಮುಗಿದು ಬಸ್ಸುಗಳು ಓಡಾಡಲು ಶುರುವಾಗಿದ್ದ ದಿನಗಳು. ಮದುವೆಗಳು ಇನ್ನೂ ಮನೆಯಂಗಳದಲ್ಲೇ, ಹತ್ತಿರದ ನೆಂಟರ ಮುಂದೆಯೇ ಮುಗಿಯುತ್ತಿದ್ದವು. ನೋಡುವವರಿಲ್ಲದ ಮದುವೆಗೆ ರೇಷ್ಮೆ ಸೀರೆ ಯಾರು ಉಡುತ್ತಾರೆ? ನೇಯುವವರ ಮಗ್ಗ ನಿಂತಿತು. ಗೂಡಿನಿಂದ ನೂಲು ತೆಗೆಯುವವರು ಮಾರುಕಟ್ಟೆಗೆ ಬಂದು, ಗೂಡನ್ನು ಒತ್ತಿ ನೋಡಿ, ಕೈ ಒರೆಸಿಕೊಂಡು ಹೊರಟುಹೋಗುತ್ತಿದ್ದರು. ಗೂಡೆಂದರೆ ರಾಗಿಯಲ್ಲ, ತುಂಬಿಟ್ಟು ಕಾಯಲು ಬರುವುದಿಲ್ಲ. ಇಟ್ಟರೆ ಒಳಗಿನ ಹುಳ ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡನ್ನು ಮಕ್ಕಳು ಹೂವಿನ ಹಾರ ಮಾಡಿ ಆಡಬಹುದು, ಅಷ್ಟೇ.

ಆಗ ಸರ್ಕಾರದ ಮೇಲಿನವರಿಗೆ ಉಪಾಯ ಹೊಳೆಯಿತು. ಗೂಡು ಹೆಚ್ಚಾಗಿದ್ದರಿಂದ ಬೆಲೆ ಬಿದ್ದಿದೆ, ಆದ್ದರಿಂದ ಗೂಡು ಕಡಿಮೆ ಮಾಡಿಸೋಣ. ಅಷ್ಟು ವರ್ಷ ಅವರೇ ಬಂದು ಹೆಚ್ಚು ಬೆಳೆಯಿರಿ ಎಂದಿದ್ದರು. ಹುಳದ ಮನೆಗೆ ಸಹಾಯಧನ ಕೊಟ್ಟಿದ್ದರು, ತಳಿ ಬದಲಾಯಿಸಿದ್ದರು, ಹೆಚ್ಚು ಬೆಳೆದವರಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡಿದ್ದರು. ನಮ್ಮ ಹಜಾರದಲ್ಲೂ ಅಂಥದೊಂದು ಫೋಟೋ ಇದೆ. ಈಗ ಆ ಶಾಲು ಹೊದ್ದವರೇ ಮೊದಲು ಕಡಿಮೆ ಮಾಡಿ ಮೇಲ್ಪಂಕ್ತಿ ಹಾಕಬೇಕಂತೆ.

ಈ ವಿಷಯ ಹೇಳಲು ರೇಷ್ಮೆ ಇಲಾಖೆಯ ಸಾಹೇಬರೊಬ್ಬರು ಬಂದು ಹಾಲಿನ ಡೈರಿಯ ಮುಂದೆ ಎಲ್ಲರನ್ನೂ ಸೇರಿಸಿದರು. ಒಳ್ಳೆಯ ಮನುಷ್ಯ. ತಮಗೆ ಒಪ್ಪಿಗೆಯಿಲ್ಲದ ಮಾತನ್ನು ಹೇಳುವಾಗ ಕನ್ನಡಕ ತೆಗೆದು ಒರೆಸುವ ಅಭ್ಯಾಸ ಅವರಿಗಿತ್ತು. ಅವತ್ತು ಉದ್ದಕ್ಕೂ ಒರೆಸುತ್ತಲೇ ಇದ್ದರು.

"ಒಂದು ಸಂಸಾರಕ್ಕೆ ಒಂದು ಬೆಳೆಗೆ ಇಷ್ಟೇ ಮರಿಹುಳ. ಚಾಕಿ ಮನೆಯಿಂದ ಅದಕ್ಕಿಂತ ಹೆಚ್ಚು ಕೊಡಲ್ಲ" ಎಂದರು. ಮೊಟ್ಟೆಯೊಡೆದ ಮರಿಗಳನ್ನು ಮೊದಲ ಕೆಲವು ದಿನ ಸಾಕಿ ನಮಗೆ ಕೊಡುವ ಜಾಗವೇ ಚಾಕಿ ಮನೆ. ಹುಳ ಬರುವ ನಲ್ಲಿ ಅಲ್ಲಿರುವುದರಿಂದ ಅಲ್ಲೇ ತಿರುಗಿಸಿಬಿಟ್ಟರೆ ಕೆಲಸ ಸುಲಭ.

ಅವರು ಹೇಳಿದ ಅಳತೆ ನಮ್ಮ ಹುಳದ ಮನೆಯ ಅರ್ಧಕ್ಕಷ್ಟೇ ಸಾಲುತ್ತಿತ್ತು. ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಂತೆ.

"ಸಾ, ಸಂಸಾರ ಅಂದ್ರೆ ಯಾವ್ದುನ್ನ ಇಡಿತೀರಿ? ರೇಸನ್ ಕಾರ್ಡ್ನ?"

"ಹೊಸ ಕಾರ್ಡು ಕೊಡೋದು ನಿಂತಿದೆಯಲ್ಲಮ್ಮ. ಒಲೆ ನೋಡ್ತೀವಿ. ಒಲೆ ಬೇರೆ ಇದ್ರೆ ಸಂಸಾರ ಬೇರೆ ಅಂತ ಲೆಕ್ಕ."

ಅವರು ಮಾತು ಮುಗಿಸಿ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ನನಗೆ ದಾರಿ ಕಂಡಿತ್ತು. ಯಾರು ಮಿತಿ ಹಾಕಿದರೂ ಆ ಮಿತಿಯನ್ನು ಯಾವುದರಿಂದ ಅಳೆಯುತ್ತಾರೆ ಎಂದು ಮೊದಲು ಕೇಳಿಕೊಳ್ಳಿ. ಆಮೇಲೆ ಅದನ್ನು ಜಾಸ್ತಿ ಮಾಡಿಕೊಂಡರಾಯಿತು.

ನಮ್ಮ ಮನೆಯಲ್ಲಿ ಆಗ ದೊಡ್ಡವರು ನಾಲ್ಕು ಜನ. ನಾನು, ನಮ್ಮ ಯಜಮಾನರು, ನನ್ನ ಮೈದುನ, ಅವನ ಹೆಂಡತಿ. ನನ್ನ ವಾರಗಿತ್ತಿ ಪೂರಿಗಾಲಿಯವಳು, ಮಾತು ಕಡಿಮೆ. ಹೇಳಿದ ಕೆಲಸ ಮಾಡುತ್ತಾಳೆ, ಹೇಳದ ಕೆಲಸವನ್ನೂ ಮಾಡುತ್ತಾಳೆ. ಅವಳ ಬಗ್ಗೆ ನನಗೆ ಗೊತ್ತಿದ್ದುದು ಇಷ್ಟೇ, ಇಷ್ಟು ಸಾಕು ಎಂದುಕೊಂಡಿದ್ದೆ.

"ಹಳೇ ಕೊಟ್ಟಿಗೇಲಿ ಒಂದ್ ಒಲೆ ಹೂಡವ" ಎಂದೆ. "ನೀವಿಬ್ರು ಬೇರೆ ಆದ್ರಿ ಅಂತ ಏಳವ. ಎಲ್ಡ್ ಸಂಸಾರದ್ ಉಳ ಬತ್ತದೆ."

ಮೈದುನ ತಲೆ ಕೆರೆದುಕೊಂಡ. "ಜನ ಏನಂದಾರು ಅತ್ಗೆ?"

"ಜನನೂ ನಾಳಿಕೆ ಇದ್ನೇ ಮಾಡದು ಕಣಪ್ಪ. ನಾನೇ ಏಳ್ಕೊಡ್ತೀನಿ."

ವಾರಗಿತ್ತಿ ಕೇಳಿದಳು: "ಒಲೇಲಿ ಅಡ್ಗೆ ಮಾಡ್ಬೇಕಾ ಅಕ್ಕ?"

"ಒಲೆ ಇದ್ರೆ ಸಾಕು ಕಣಮ್ಮಿ. ಅಡ್ಗೆ ಎಲ್ಲಾ ಇಲ್ಲೇ."

ನಾನು ಹೇಳಿದಂತೆ ಊರೇ ಮಾಡಿತು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣತಮ್ಮಂದಿರು ಬೆಳಗಾಗುವುದರೊಳಗೆ ಬೇರೆಯಾದರು. ನಮ್ಮ ಬೀದಿಯಲ್ಲಿ ಒಬ್ಬಾತ ಹೆತ್ತ ತಾಯಿಯನ್ನೇ ಬೇರೆ ಸಂಸಾರವೆಂದು ತೋರಿಸಿದ. ಆಕೆಗೆ ಅದು ತಿಳಿದದ್ದು ಹಿತ್ತಿಲಲ್ಲಿ ಒಲೆ ಕಂಡ ಮೇಲೆ. "ನನ್ನ ಯಾವಾಗ್ಲಾ ಆಚಿಗ್ ಆಕ್ದೆ?" ಎಂದು ಕೇಳಿದಳಂತೆ. "ಉಳ ಸಿಕ್ಕಗಂಟ ಸುಮ್ನಿರವ್ವ" ಎಂದನಂತೆ ಮಗ.

ಹೊಸ ಒಲೆಗಳು ತೀರಾ ಹೊಸದಾಗಿ ಕಾಣುತ್ತಿದ್ದವು. ಹಳೆಯ ಒಲೆಯಿಂದ ಒಂದು ಬೊಗಸೆ ಬೂದಿ ತಂದು ಹಾಕಿಕೊಳ್ಳಿ ಎಂದು ನಾನೇ ಎಲ್ಲರಿಗೂ ಹೇಳಿದೆ. ಗ್ಯಾಸಿನಲ್ಲೇ ಅಡುಗೆ ಮಾಡುವವರು ನೀರು ಕಾಯಿಸುವ ಹಂಡೆಯ ಒಲೆಯಿಂದ ತಂದರು. ಆ ವಾರ ನಮ್ಮೂರಲ್ಲಿ ಪಾತ್ರೆ ತಿಕ್ಕಲು ಬೂದಿಯಿರಲಿಲ್ಲ.

ಸಾಹೇಬರು ಒಲೆ ನೋಡಲು ಬಂದರು. ನಮ್ಮ ಕೊಟ್ಟಿಗೆಗೆ ಬಂದಾಗ ವಾರಗಿತ್ತಿ ಒಲೆಯ ಪಕ್ಕ ಖಾಲಿ ಪಾತ್ರೆಯಿಟ್ಟುಕೊಂಡು, ಮೈದುನ ಅದರ ಪಕ್ಕ ಗೋಡೆಗೊರಗಿಕೊಂಡು ಹೊಸ ಸಂಸಾರದಂತೆ ಕುಳಿತಿದ್ದರು.

"ನಿಮ್ಮೂರಲ್ಲಿ ಇಷ್ಟೊಂದು ಮನೆ ಒಟ್ಟೊಟ್ಟಿಗೇ ಒಡೆದವಲ್ಲಮ್ಮ, ಏನು ಕಾರಣ?"

"ಕಾಲ ಕೆಟ್ಟೋಗದೆ ಸಾ" ಎಂದೆ.

ಅವರು ಬಗ್ಗಿ ಒಲೆಯೊಳಗೆ ನೋಡಿದರು. ಆಮೇಲೆ ಮೇಲೆ ನೋಡಿದರು. ಗೋಡೆ ನೋಡಿದರು, ತೊಲೆ ನೋಡಿದರು.

"ಬೂದಿ ಇದೆ, ಮಸಿ ಎಲ್ಲಮ್ಮ?"

ಅಷ್ಟು ಬೂದಿಯಾಗುವಷ್ಟು ಸೌದೆ ಉರಿದಿದ್ದರೆ ಸುಣ್ಣ ಬಳಿದ ಗೋಡೆ ಇಷ್ಟು ಬೆಳ್ಳಗಿರುತ್ತಿರಲಿಲ್ಲ. ಊರಿಗೆಲ್ಲ ಬೂದಿ ಹಂಚಿದವಳಿಗೆ ಮಸಿಯ ನೆನಪಾಗಿರಲಿಲ್ಲ.

"ಹುಳದ ಮನೇನಾದ್ರೂ ತೋರಿಸಿ" ಎಂದರು.

"ಉಳ ಜ್ವರ ಕೂತವೆ ಸಾ" ಎಂದೆ. ಹುಳ ಪೊರೆ ಬಿಡುವ ಮೊದಲು ತಲೆಯೆತ್ತಿಕೊಂಡು ಮೇಯದೆ ಕೂರುವುದನ್ನು ನಾವು ಜ್ವರ ಎನ್ನುತ್ತೇವೆ. ಆ ಹೊತ್ತಿನಲ್ಲಿ ಹೊರಗಿನವರು ಒಳಗೆ ಬರಬಾರದು. ಇದನ್ನು ನಮಗೆ ಹೇಳಿಕೊಟ್ಟವರು ಅವರೇ. ಅವರು ಹೊಸಿಲಾಚೆ ನಿಂತು ಕನ್ನಡಕ ಒರೆಸಿದರು.

"ಇನ್ನೊಂದು ಸಲ ಬರ್ತೀನಿ. ಅಷ್ಟರಲ್ಲಿ ಆ ಒಲೇಲಿ ನಿಜವಾಗ್ಲೂ ಅಡುಗೆ ಆಗಿರ್ಲಿ. ನಾನು ಕಣ್ಣು ಮುಚ್ಕೊಬೇಕಾದ್ರೂ ಸ್ವಲ್ಪ ಹೊಗೆ ಬೇಕಮ್ಮ."

ಹೀಗೆ ವಾರಗಿತ್ತಿ ಕೊಟ್ಟಿಗೆಯಲ್ಲಿ ಅಡುಗೆ ಶುರುಮಾಡಿದಳು. ನಾನೇ ಸೌದೆ ಕೊಟ್ಟೆ, ರಾಗಿಹಿಟ್ಟು, ಕಾಳು ಅಳೆದುಕೊಟ್ಟೆ. ಹೊಗೆ ಚೆನ್ನಾಗಿ ಏಳುವ ಹಾಗೆ ಹಸಿ ಸೌದೆಯನ್ನೇ ಆರಿಸಿಕೊಟ್ಟೆ. ಎರಡನೆಯ ಸಲ ಬಂದಾಗ ಸಾಹೇಬರು ಕೆಮ್ಮಿದರು, ಅದೇ ನಮ್ಮ ಮಂಜೂರಾತಿ. ಎರಡು ಸಂಸಾರದ ಹುಳ ಬಂತು. ಊರಿಗೆ ಊರೇ ಮೊದಲಿನಷ್ಟೇ ಹುಳ ಮೇಯಿಸಿತು, ಗೂಡು ಮೊದಲಿನಷ್ಟೇ ಆಯಿತು, ಬೆಲೆಯೂ ಮೊದಲಿನಷ್ಟೇ ಕೆಳಗಿತ್ತು. ನಮ್ಮ ಕಡೆ ರೇಷ್ಮೆ ಸಂಸಾರಗಳು ಹೆಚ್ಚಾಗಿವೆ ಎಂದು ಮೇಲಿನವರು ಮೆಚ್ಚಿಕೊಂಡ ಸುದ್ದಿ ಮಾತ್ರ ಬಂತು.

ಆಮೇಲೆ ಮದುವೆಗಳು ಛತ್ರಕ್ಕೆ ಮರಳಿದವು. ಮದ್ದೂರಿನ ಒಂದು ಮದುವೆಯಲ್ಲಿ ಸೀರೆಗಳ ಸರಬರ ಸದ್ದು ಕೇಳಿ ನಾನು ಊಟಕ್ಕೂ ನಿಲ್ಲದೆ ಬಂದು, ಮುಂದಿನ ಬೆಳೆ ಬಿಡಬೇಡಿ, ಬೆಲೆ ಏರುತ್ತದೆ ಎಂದು ಊರಿಗೆ ಹೇಳಿದೆ. ಏರಿತು. ಮಿತಿ ಹಾಕಿದವರು ಅದನ್ನು ತೆಗೆದದ್ದನ್ನು ಹೇಳಲೂ ಬರಲಿಲ್ಲ. ಚಾಕಿ ಮನೆಯಲ್ಲಿ ಕೇಳಿದಷ್ಟು ಕೊಡತೊಡಗಿದರು, ಅದರಿಂದ ತಿಳಿಯಿತು. ಊರಿನ ಹೊಸ ಒಲೆಗಳು ಒಂದೊಂದಾಗಿ ಹೋದವು. ಕೆಲವು ನೀರು ಕಾಯಿಸಲು ಉಳಿದವು, ಒಂದರಲ್ಲಿ ಕೋಳಿ ಕಾವು ಕೂತಿತ್ತು. ಬೇರೆ ಸಂಸಾರವಾಗಿದ್ದ ಆ ತಾಯಿಯನ್ನು ಮಗ ಒಳಗೆ ಕರೆದ. ಆಕೆ ಒಂದು ದಿನ ಬಿಗುಮಾನ ಮಾಡಿ, ಆಮೇಲೆ ಒಳಗೆ ಹೋದಳು.

ನನ್ನ ವಾರಗಿತ್ತಿ ಬರಲಿಲ್ಲ.

ಮೊದಲು ನಾನು ಅದನ್ನು ಗಮನಿಸಲಿಲ್ಲ. ಸೌದೆ ಮುಗಿಯಲಿ, ಬರುತ್ತಾಳೆ ಎಂದುಕೊಂಡೆ. ಸೌದೆ ಮುಗಿದಾಗ ಅವಳೇ ಹೋಗಿ ಒಣಗಿದ ಹಿಪ್ಪುನೇರಳೆ ಕಡ್ಡಿ ಹೊರೆ ತಂದಳು. ಒಂದು ದಿನ ಉಣ್ಣುವ ಹೊತ್ತಿಗೆ ನಮ್ಮ ಯಜಮಾನರು ಕಾಣಲಿಲ್ಲ. ನೋಡಿದರೆ ಕೊಟ್ಟಿಗೆಯಲ್ಲಿ ತಟ್ಟೆಯ ಮುಂದೆ ಕೂತಿದ್ದಾರೆ.

"ಏನಿದು?" ಎಂದೆ.

"ಕರುದ್ಲು, ಬಂದೆ" ಎಂದರು. ಅವರು ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಎರಡು ಮಾತು ಖರ್ಚು ಮಾಡುವವರಲ್ಲ.

ಆಮೇಲೆ ಮೈದುನ ಬಂದ. ಕೈಯಲ್ಲಿ ಅಳತೆಯ ಟೇಪಿತ್ತು, ಅದನ್ನು ಎಳೆಯುತ್ತಾ ಬಿಡುತ್ತಾ ಮಾತಾಡಿದ.

"ಒಲೆ ಎಂಗೂ ಬೇರೆ ಆಗದೆ ಅತ್ಗೆ. ಉಳದ್ ಮನೆ ಮದ್ಯಕ್ಕೂ ಒಂದ್ ಗೋಡೆ ಎಳುದ್ಬುಟ್ರೆ ಯಾರ್ದು ಯಾರ್ಗೆ ಅಂತ ಗೊತ್ತಾಯ್ತದೆ. ಗಾರೆಯವುನ್ಗೆ ಏಳಿವ್ನಿ, ಈ ಬೆಳೆ ಆದ್ ಮ್ಯಾಕೆ ಬತ್ತಾನೆ."

"ಯಾರ್ಲಾ ನಿಂಗೆ ಈ ಬುದ್ಧಿ ಏಳ್ಕೊಟ್ಟೋರು?"

"ನೀವೇ ಅಲ್ವಾ ಬೇರೆ ಆಗಿ ಅಂದಿದ್ದು?" ಎಂದ. ಅವನ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದ.

ಆ ಹುಳದ ಮನೆಯ ಒಂದೊಂದು ಕಿಟಕಿ ಎಲ್ಲಿರಬೇಕು, ಯಾವ ಕಡೆಯ ಗಾಳಿ ಬರಬೇಕು ಎಂದು ಮೇಸ್ತ್ರಿಯ ಜೊತೆ ಜಗಳವಾಡಿ ಕಟ್ಟಿಸಿದ್ದು ನಾನು. ಮಧ್ಯೆ ಗೋಡೆ ಬಂದರೆ ಒಂದು ಕಡೆ ಗಾಳಿಯಿಲ್ಲ, ಇನ್ನೊಂದು ಕಡೆ ಬಾಗಿಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೊನೆಯ ಜ್ವರ ಎದ್ದ ಹುಳ ಮೇಯುವ ಆ ಒಂದು ವಾರ ಇಬ್ಬರಿಂದ ಆಗುವ ಕೆಲಸವಲ್ಲ. ಇಬ್ಬರು ಸೊಪ್ಪು ತರುತ್ತಿರಬೇಕು, ಇಬ್ಬರು ಹಾಕುತ್ತಿರಬೇಕು. ಗೋಡೆ ಎದ್ದರೆ ಆಮೇಲೆ ತೋಟಕ್ಕೆ ಬದು ಬೀಳುತ್ತದೆ, ಬೋರಿಗೆ ಸರದಿ ಬರುತ್ತದೆ, ಮನೆಯ ಹೊಸಿಲಿಗೂ ಒಂದು ಗೆರೆ ಬೀಳುತ್ತದೆ. ಇಂಥ ಮನೆಗಳನ್ನು ನಾನು ನೋಡಿದ್ದೇನೆ. ಅವರಿಗೆಲ್ಲ ಸಲಹೆಯನ್ನೂ ಕೊಟ್ಟಿದ್ದೇನೆ.

ಗೋಡೆ ತಪ್ಪಬೇಕಾದರೆ ಒಲೆ ಒಂದಾಗಬೇಕು. ಒಲೆ ಒಂದಾಗಬೇಕಾದರೆ ವಾರಗಿತ್ತಿ ಬರಬೇಕು. ಗೂಡಿನ ಮಾರುಕಟ್ಟೆಯಲ್ಲಿ ನುರಿತ ದಲ್ಲಾಳಿಗಳನ್ನು ನಿಲ್ಲಿಸಿ ಮಾತಾಡಿದವಳಿಗೆ ಇದೊಂದು ವ್ಯಾಪಾರವೇ ಎಂದುಕೊಂಡು ಒಂದು ಮಧ್ಯಾಹ್ನ ಕೊಟ್ಟಿಗೆಗೆ ಹೋದೆ. ಹುಳ ಕೊನೆಯ ಜ್ವರದಲ್ಲಿದ್ದವು, ಒಂದೆರಡು ದಿನದಲ್ಲಿ ಏಳುವುದಿತ್ತು. ಅವಳು ಮೆಣಸಿನಕಾಯಿ ಸುಡುತ್ತಿದ್ದಳು.

ಮೊದಲು ಸರಕಿನಲ್ಲಿ ಕೊರತೆ ತೋರಿಸಬೇಕು. ತೋರಿಸಿದೆ.

"ಈ ಒಗೇಲಿ ಕಣ್ಣು ಆಳಾಯ್ತವೆ ಕಣಮ್ಮಿ."

"ನನ್ ಕಣ್ಣಲ್ವಾ ಅಕ್ಕ" ಎಂದಳು.

"ಒಳಗೆ ಗ್ಯಾಸದೆ, ನಲ್ಲಿ ಅದೆ. ಇಲ್ಲಿ ಬಗ್ಗಿ ಬಗ್ಗಿ ಯಾಕ್ ಕಷ್ಟ ಪಟ್ಟೀಯೆ?"

"ಕಷ್ಟ ಏನಿಲ್ಲ. ಮೂಲೇಲಿ ನಿಂತ್ಕಂಡು ನೋಡೋರಿಲ್ಲ."

ಇದು ನನಗೆ ಹೊಸ ಸುದ್ದಿ. "ಯಾರಮ್ಮಿ ನಿಂತ್ಕಂಡು ನೋಡದು?"

ಅವಳು ಮೆಣಸಿನಕಾಯಿ ತಿರುಗಿಸಿದಳು. "ನೀವು ಅಕ್ಕ. ಉಪ್ಪು ಆಕುವಾಗ, ಎಣ್ಣೆ ಬುಡುವಾಗ. ಸರ್ಕಾರದೋರು ಉಳಕ್ಕೆ ಮಾಡಿದ್ನ ನೀವು ನಾನ್ ಬಂದ ದಿನದಿಂದ ಎಣ್ಣೆಗೆ ಮಾಡ್ತಾ ಬಂದಿದ್ದೀರಿ. ಅವ್ರಾರ ಕನ್ನಡಕ ಒರುಸ್ಕಂಡು ಆಚೆ ಓದ್ರು."

ಎಣ್ಣೆಯ ಡಬ್ಬ ನನ್ನ ಬೀರುವಿನಲ್ಲಿರುತ್ತಿತ್ತು, ಅದು ನಿಜ. ಬೀರುವಿಗೆ ಬೀಗವಿತ್ತು, ಅದೂ ನಿಜ. ಏನೂ ಇಲ್ಲದ ಮನೆಯಲ್ಲಿ ಅಳತೆ ಬೇಕು. ಎಲ್ಲ ಬಂದ ಮೇಲೂ ಯಾಕೆ ಬೇಕು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೆ ಒಳ್ಳೆಯ ಉತ್ತರ ಕೊಡುತ್ತಿದ್ದೆ. ಅವಳೂ ಕೇಳಲಿಲ್ಲ, ಆದ್ದರಿಂದ ಕೊಡುವ ಅವಕಾಶ ಸಿಗಲಿಲ್ಲ.

ಬೆಲೆ ಏರಿಸಿದೆ. "ಆಯ್ತು ಬುಡು. ಬೆಳಿಗ್ಗೆ ಅಡ್ಗೆ ನಂದು, ರಾತ್ರೆದು ನಿಂದು. ನಾನ್ ಆ ಕಡೆ ತಲೆ ಆಕಲ್ಲ."

"ಬ್ಯಾಡಿ ಅಕ್ಕ. ನಿಮ್ಗೂ ಕಷ್ಟ, ನಂಗೂ ಕಷ್ಟ."

"ಮತ್ತೇನ್ ಮಾಡವ ಅಂತೀಯೆ? ಗೋಡೆ ಕಟ್ಟವಾ?"

"ಗೋಡೆ ನಂಗೂ ಬ್ಯಾಡ" ಎಂದಳು. "ಗಾಳಿ ಆಡಲ್ಲ ಅಂತ ನಮ್ಮನೇವ್ರಿಗೆ ಅವತ್ತೇ ಅಂದೆ. ಒಲೆ ಬೇರೆ ಆದ್ಮೇಲೆ ಅದೂ ಆಗ್ಲೇಬೇಕು ಅಂದ್ರು. ಒಲೆ ಒಂದೇ ಆಗದಾದ್ರೆ ಆಗ್ಲಿ. ಆದ್ರೆ ನಾನ್ ಅಲ್ಲಿಗೆ ಬರಕಿಲ್ಲ. ನೀವ್ ಇಲ್ಲಿಗೆ ಬನ್ನಿ."

ನಾನು ಎದ್ದೆ. ಇದು ನನ್ನ ಕೊನೆಯ ಪಟ್ಟು, ಇದುವರೆಗೆ ತಪ್ಪಿದ್ದಿಲ್ಲ. ಬೆಲೆ ಒಪ್ಪಿಗೆಯಾಗದಿದ್ದರೆ ಕೋಪ ತೋರಿಸದೆ, ಬೇರೆ ಕಡೆ ಕೆಲಸವಿದೆ ಎನ್ನುವ ಹಾಗೆ ಹೊರಟುಬಿಡಬೇಕು. ಎದುರಿನವರು ಕರೆದೇ ಕರೆಯುತ್ತಾರೆ. ಅಂಗಳ ದಾಟುವವರೆಗೆ ಕಿವಿ ಹಿಂದಕ್ಕೇ ಇತ್ತು. ಅವಳು ಒರಳಿನಲ್ಲಿ ಖಾರ ಅರೆಯಲು ಶುರುಮಾಡಿದ ಸದ್ದು ಬಂತು. ಹಿತ್ತಿಲ ಬಾಗಿಲ ಹತ್ತಿರ ನಿಂತು ಸೆರಗು ಕೊಡವಿದೆ, ಇಲ್ಲದ ಧೂಳಿಗೆ. ಅರೆಯುವ ಸದ್ದು ನಿಲ್ಲಲಿಲ್ಲ. ಎದುರಿನವರಿಗೆ ಮಾರುವ ಅಗತ್ಯವಿಲ್ಲದಿದ್ದರೆ ಈ ಪಟ್ಟು ನಡೆಯುವುದಿಲ್ಲ. ವ್ಯಾಪಾರ ಮಾಡುವವರು ಇದನ್ನು ನೆನಪಿಡಬೇಕು.

ವಾಪಸ್ಸು ಹೋದೆ.

"ಗ್ಯಾಸು ತರುಸ್ಲಾ?" ಎಂದೆ.

ಅವಳು ಕೈ ನಿಲ್ಲಿಸಿದಳು. "ತರ್ಸಿ. ಎಣ್ಣೆ ಡಬ್ಬನೂ ತನ್ನಿ. ಬೀಗದ ಕೈ ನೀವೇ ಇಟ್ಕಳಿ, ಬೀರುಲಿ ಸೀರೆ ಇರ್ಲಿ."

ಗಂಡಸರಿಬ್ಬರೂ ಗ್ಯಾಸಿನ ಸಿಲಿಂಡರನ್ನು ಅಂಗಳದಲ್ಲಿ ಉರುಳಿಸಿಕೊಂಡು ಹೋಗುವುದನ್ನು ಎದುರು ಮನೆಯಾಕೆ ನೋಡಿ, "ಏನಕ್ಕ, ಪೂರ್ತಿ ಬೇರೆ ಆಗ್ಬುಟ್ರಾ?" ಎಂದು ಕೇಳಿದಳು. "ಇಲ್ಲ ಕಣಮ್ಮಿ, ಒಂದಾಗ್ತಾ ಇದ್ದೀವಿ" ಎಂದೆ. ಅವಳಿಗೆ ಅರ್ಥವಾದಂತೆ ಕಾಣಲಿಲ್ಲ. ಮೈದುನ ಜಗಲಿಯ ಮೇಲೆ ನಿಂತು ಗಾರೆಯವನಿಗೆ ಫೋನು ಮಾಡಿ ಗೋಡೆ ಬೇಡ ಎಂದ. ಆ ಕಡೆಯವನು ಯಾಕೆ ಎಂದಿರಬೇಕು. "ನಮ್ಮತ್ಗೆ ಕೊಟ್ಟಿಗ್ಗೆ ಬಂದವ್ರೆ" ಎಂದು ಹೇಳಿ ಇಟ್ಟುಬಿಟ್ಟ.

ಅವತ್ತು ಕೊಟ್ಟಿಗೆಯಲ್ಲಿ ನಾಲ್ವರೂ ಕೂತು ಉಪ್ಸಾರು ಮುದ್ದೆ ಉಂಡೆವು. ಒಗ್ಗರಣೆಯ ಎಣ್ಣೆ ಸಾರಿನ ಮೇಲೆ ಕಣ್ಣು ಬಿಟ್ಟುಕೊಂಡು ತೇಲುತ್ತಿತ್ತು. ಇಷ್ಟು ಎಣ್ಣೆಯಲ್ಲಿ ನಾನು ಮೂರು ದಿನ ತಳ್ಳುತ್ತಿದ್ದೆ. ಒಂದು ತುತ್ತು ನುಂಗಿ, ಮುದ್ದೆಗೆ ಹಿಟ್ಟು ಒಂದು ಹಿಡಿ ಕಡಿಮೆಯಾದರೆ ಇನ್ನೂ ಮೆತ್ತಗಾಗುತ್ತದೆ ಎಂದು ಹೇಳಲು ಬಾಯಿ ತೆರೆದೆ. ಸದುದ್ದೇಶದಿಂದಲೇ. ಯಜಮಾನರು ತಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು. ಮೈದುನನೂ ನೋಡಿದ. ವಾರಗಿತ್ತಿ ಮಾತ್ರ ನೋಡಲಿಲ್ಲ, ಸೌಟನ್ನು ಸಾರಿಗೆ ಅದ್ದಿ ಹಿಡಿದುಕೊಂಡು ಕಾಯುತ್ತಿದ್ದಳು.

"ಇನ್ನೊಂಚೂರು ಬುಡು" ಎಂದು ತಟ್ಟೆ ಮುಂದಿಟ್ಟೆ. ಬಿಟ್ಟಳು.

ಮಾರನೆಯ ದಿನ ಹುಳ ಜ್ವರ ಎದ್ದವು. ಮೈದುನ, ಯಜಮಾನರು ಸೊಪ್ಪಿನ ಹೊರೆ ತಂದು ಇಳಿಸುತ್ತಿದ್ದರು. ನಾನೂ ವಾರಗಿತ್ತಿಯೂ ಹುಳದ ಮನೆಯಲ್ಲಿ ಎದುರುಬದುರಾಗಿ ನಿಂತಿದ್ದೆವು. ಅವಳು ಒಂದು ಹಿಡಿ ಕಡ್ಡಿ ಸೊಪ್ಪು ಎತ್ತಿಕೊಂಡು ಹಾಕದೆ ನಿಂತಳು.

"ಏನಮ್ಮಿ?"

"ಎಷ್ಟ್ ಮಂದ ಆಕ್ಲಿ, ಏಳಿ ಅಕ್ಕ. ಇಲ್ಲಿ ನೀವ್ ಏಳ್ದಂಗೆ."

ಸೊಪ್ಪು ಹೇಗೆ ಹರಡಬೇಕು, ಅಂಚಿಗೆ ಎಷ್ಟು, ನಡುವಿಗೆ ಎಷ್ಟು, ಎದ್ದ ಹುಳ ಯಾವುದು, ಏಳದ ಹುಳ ಯಾವುದು ಎಂದು ಹೇಳತೊಡಗಿದೆ. ಅವಳಿಗೆ ಅದೆಲ್ಲ ಮೊದಲೇ ಗೊತ್ತು. ಆದರೂ ನಾನು ಹೇಳಿ ಮುಗಿಸುವವರೆಗೆ ಕೇಳಿಸಿಕೊಂಡು, ಆಮೇಲೆ ಹಾಕಿದಳು.